ಬಿಡಿಭಾಗಗಳಿಗಾಗಿ ಕೊಂಡ ಹಳೆಯ ಡೆಸ್ಕ್‌ಟಾಪ್: ಐದು ವರ್ಷಗಳ ಬಳಕೆಯ ನಂತರ

ಬರವಣಿಗೆಗೂ ಲೆಕ್ಕಪತ್ರಕ್ಕೂ ನಾನು ದಿನವೂ ಬಳಸುವ ಡೆಸ್ಕ್‌ಟಾಪ್ 2014ರಲ್ಲಿ ಕೊಂಡದ್ದು. ಅದರಲ್ಲಿ ಇಂಟೆಲ್‌ನ ನಾಲ್ಕನೇ ತಲೆಮಾರಿನ ಕೋರ್ ಐ3-4130 ಪ್ರೊಸೆಸರ್, ಎಲ್‌ಜಿಎ 1150 ಸಾಕೆಟ್‌ನ (ಪ್ರೊಸೆಸರ್ ಕೂರುವ ಜಾಗ) ಮದರ್‌ಬೋರ್ಡ್ ಮತ್ತು 8 ಜಿಬಿ ಡಿಡಿಆರ್3 ರ್‍ಯಾಮ್ ಇದ್ದವು. ಇಂಥ ಯಂತ್ರಕ್ಕೆ ಹೊಸ ಬಿಡಿಭಾಗ ಹುಡುಕುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಾ ಬಂದಾಗ, ಅದೇ ಕಾಲದ ಮತ್ತೊಂದು ಹಳೆಯ ಡೆಸ್ಕ್‌ಟಾಪನ್ನು ಇಡಿಯಾಗಿ ಕೊಂಡು, ಅದರ ಭಾಗಗಳನ್ನು ಬೇಕಾದಂತೆ ತೆಗೆದು ಬಳಸುವುದೆಂದು 2020ರಲ್ಲಿ ನಿರ್ಧರಿಸಿದೆ. ಅಂದಿನಿಂದ ಇಂದಿನವರೆಗಿನ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಖರೀದಿಯಲ್ಲಿ ನಾನು ತಪ್ಪಿದೆ. ತಲೆಮಾರು ಒಂದೇ ಆಗಿದ್ದರೆ ಭಾಗಗಳೂ ಹೊಂದುತ್ತವೆ ಎಂದು ನಂಬಿ, ಬೇರೊಂದು ಕಂಪನಿಯವರು ಕಚೇರಿಗಳಿಗೆಂದು ತಯಾರಿಸಿದ್ದ ಡೆಸ್ಕ್‌ಟಾಪನ್ನು ತಂದಿದ್ದೆ. ರ್‍ಯಾಮ್ ಹೊಂದಿತು, ಹಾರ್ಡ್ ಡಿಸ್ಕ್ ಹೊಂದಿತು, ಅಲ್ಲಿಗೆ ಮುಗಿಯಿತು. 1995ರಲ್ಲಿ ಬಂದ ಎಟಿಎಕ್ಸ್ ಮಾನದಂಡವನ್ನು (ಭಾಗಗಳ ಅಳತೆ ಮತ್ತು ಜೋಡಣೆಯ ಸಾಮಾನ್ಯ ನಿಯಮ) ಅನುಸರಿಸುವ ಯಂತ್ರಗಳಲ್ಲಿ ಎಸ್‌ಎಂಪಿಎಸ್‌ನಿಂದ (ಎಲ್ಲ ಭಾಗಗಳಿಗೂ ವಿದ್ಯುತ್ ಒದಗಿಸುವ ಪೆಟ್ಟಿಗೆ) ಮದರ್‌ಬೋರ್ಡ್‌ಗೆ ಹೋಗುವ ಮುಖ್ಯ ಕನೆಕ್ಟರ್‌ಗೆ ಈಗ 24 ಪಿನ್‌ಗಳಿರುತ್ತವೆ. ಆದರೆ ಕಚೇರಿ ಬಳಕೆಯ ಎಷ್ಟೋ ಮಾದರಿಗಳಲ್ಲಿ ತಯಾರಕರು ತಮ್ಮದೇ ಆದ ಕಡಿಮೆ ಪಿನ್‌ಗಳ ಕನೆಕ್ಟರ್ ಕೊಟ್ಟಿರುತ್ತಾರೆ. ನಾನು ತಂದ ಪೆಟ್ಟಿಗೆಯಲ್ಲಿ ಇದ್ದದ್ದು 8 ಪಿನ್. ಪವರ್ ಸ್ವಿಚ್‌ನ ವೈರುಗಳೆಲ್ಲ ಒಂದೇ ಪ್ಲಗ್‌ನಲ್ಲಿ ಸೇರಿಕೊಂಡಿದ್ದವು, ಮದರ್‌ಬೋರ್ಡ್‌ನ ಸ್ಕ್ರೂ ರಂಧ್ರಗಳು ನನ್ನ ಕ್ಯಾಬಿನೆಟ್‌ನ ರಂಧ್ರಗಳಿಗೆ ಸರಿಹೊಂದಲಿಲ್ಲ, ಫ್ಯಾನಿನ ಕನೆಕ್ಟರ್ ಕೂಡ ಬೇರೆಯಾಗಿತ್ತು. ಹಣ ಕೊಡುವ ಮೊದಲು ಎರಡೂ ಯಂತ್ರಗಳ ಮುಚ್ಚಳ ತೆಗೆದು ಪಕ್ಕಪಕ್ಕದಲ್ಲಿಟ್ಟು ನೋಡಿದ್ದರೆ ಇದೆಲ್ಲ ಹತ್ತು ನಿಮಿಷದಲ್ಲಿ ತಿಳಿಯುತ್ತಿತ್ತು.

ಎರಡನೆಯ ಬಾರಿ ನನ್ನ ಯಂತ್ರದ್ದೇ ಕಂಪನಿಯ, ಅದೇ ಸರಣಿಯ, ಅದೇ ಗಾತ್ರದ ಕ್ಯಾಬಿನೆಟ್ ಇರುವ ಡೆಸ್ಕ್‌ಟಾಪನ್ನು ಹುಡುಕಿ ತಂದೆ. ಗಾತ್ರದ ಮಾತನ್ನು ಒತ್ತಿ ಹೇಳಬೇಕು: ಒಂದೇ ಹೆಸರಿನ ಮಾದರಿ ದೊಡ್ಡ ಟವರ್ ರೂಪದಲ್ಲೂ ಚಿಕ್ಕ ಪೆಟ್ಟಿಗೆಯ ರೂಪದಲ್ಲೂ ಬರುತ್ತದೆ, ಮತ್ತು ಅವೆರಡರ ಎಸ್‌ಎಂಪಿಎಸ್, ಮದರ್‌ಬೋರ್ಡ್, ಹೀಟ್ ಸಿಂಕ್ (ಪ್ರೊಸೆಸರ್‌ನ ಬಿಸಿಯನ್ನು ಹೊರಹಾಕುವ ಲೋಹದ ಭಾಗ) ಸಾಮಾನ್ಯವಾಗಿ ಬೇರೆ ಬೇರೆಯಾಗಿರುತ್ತವೆ. ಈ ಎರಡನೆಯ ಯಂತ್ರದಲ್ಲಿ ಕೋರ್ ಐ5-4570 ಪ್ರೊಸೆಸರ್ ಮತ್ತು 4 ಜಿಬಿಯ ಎರಡು ರ್‍ಯಾಮ್‌ಗಳಿದ್ದವು. ಮೊದಲ ದಿನವೇ ಆ ರ್‍ಯಾಮ್‌ಗಳು ನನ್ನ ಯಂತ್ರದ ಖಾಲಿ ಸ್ಲಾಟ್‌ಗಳಿಗೆ ಹೋಗಿ ಒಟ್ಟು 16 ಜಿಬಿ ಆಯಿತು. ರಾತ್ರಿಯಿಡೀ ಮೆಮೊರಿ ಪರೀಕ್ಷೆ ಓಡಿಸಿ, ಒಂದೂ ದೋಷ ಕಾಣದ ಮೇಲೆಯೇ ಕೆಲಸಕ್ಕೆ ಕುಳಿತೆ. ಡಿಡಿಆರ್3ರಲ್ಲಿ 240 ಪಿನ್‌ಗಳು, ಡಿಡಿಆರ್4ರಲ್ಲಿ 288. ಕಚ್ಚಿನ ಜಾಗವೂ ಬೇರೆ ಇರುವುದರಿಂದ ಒಂದರ ಸ್ಲಾಟ್‌ನಲ್ಲಿ ಇನ್ನೊಂದು ಕೂರುವುದಿಲ್ಲ. ಆದರೆ ಸರ್ವರ್‌ಗಳಿಂದ ಬಿಚ್ಚಿದ ರೆಜಿಸ್ಟರ್ಡ್ ಡಿಡಿಆರ್3 ರ್‍ಯಾಮ್ ಸ್ಲಾಟ್‌ನಲ್ಲಿ ಸರಿಯಾಗಿಯೇ ಕೂರುತ್ತದೆ, ಸಾಮಾನ್ಯ ಡೆಸ್ಕ್‌ಟಾಪ್‌ನಲ್ಲಿ ಮಾತ್ರ ಕೆಲಸ ಮಾಡುವುದಿಲ್ಲ. ಆದ್ದರಿಂದ ಅದರ ಮೇಲಿನ ಚೀಟಿಯನ್ನು ಓದಿಯೇ ಕೊಳ್ಳಬೇಕು.

ಪ್ರೊಸೆಸರ್ ಬದಲಾವಣೆಗೆ ಹೆಚ್ಚು ಎಚ್ಚರ ಬೇಕಾಯಿತು. ಸಾಕೆಟ್ ಒಂದೇ ಆಗಿದ್ದರೂ ಐ3-4130ರ ಉಷ್ಣದ ಮಿತಿ 54 ವ್ಯಾಟ್, ಐ5-4570ರದ್ದು 84 ವ್ಯಾಟ್. ನನ್ನ ಯಂತ್ರದ ಹೀಟ್ ಸಿಂಕ್ ಚಿಕ್ಕದಾಗಿತ್ತು. ಆದ್ದರಿಂದ ಪ್ರೊಸೆಸರ್‌ನ ಜೊತೆಗೆ ಅದರ ಹೀಟ್ ಸಿಂಕನ್ನೂ ಫ್ಯಾನನ್ನೂ ವರ್ಗಾಯಿಸಿ, ಅವೆರಡರ ನಡುವೆ ಬಿಸಿಯನ್ನು ಸಾಗಿಸುವ ಹೊಸ ಥರ್ಮಲ್ ಪೇಸ್ಟ್ ಹಚ್ಚಿದೆ. ಹಳೆಯ ಪ್ರೊಸೆಸರ್ ಇರುವಾಗಲೇ ಬಯಾಸನ್ನು (ಯಂತ್ರ ಶುರುವಾಗುವಾಗ ಮೊದಲು ಓಡುವ, ಮದರ್‌ಬೋರ್ಡ್‌ನಲ್ಲೇ ಇರುವ ತಂತ್ರಾಂಶ) ಹೊಸ ಆವೃತ್ತಿಗೆ ತಂದುಕೊಳ್ಳುವುದು ಕ್ಷೇಮ. ಬಯಾಸ್ ಗುರುತಿಸದ ಪ್ರೊಸೆಸರ್ ಹಾಕಿದರೆ ಪರದೆಯ ಮೇಲೆ ಏನೂ ಬರುವುದಿಲ್ಲ, ಆಗ ನವೀಕರಿಸುವ ದಾರಿಯೂ ಮುಚ್ಚಿರುತ್ತದೆ. ಈ ಬಗೆಯ ಸಾಕೆಟ್‌ಗಳಲ್ಲಿ ಪಿನ್‌ಗಳಿರುವುದು ಪ್ರೊಸೆಸರ್‌ನಲ್ಲಲ್ಲ, ಮದರ್‌ಬೋರ್ಡ್‌ನಲ್ಲಿ. ಹಳೆಯ ಯಂತ್ರ ಕೊಳ್ಳುವವರು ಸಾಧ್ಯವಾದರೆ ಪ್ರೊಸೆಸರ್ ಎತ್ತಿ, ಬಾಗಿದ ಪಿನ್‌ಗಳಿವೆಯೇ ಎಂದು ಬೆಳಕಿನಲ್ಲಿ ನೋಡಬೇಕು.

ಇಷ್ಟಾದರೂ ಈ ಖರೀದಿಯ ನಿಜವಾದ ಬೆಲೆ ನನಗೆ ಗೊತ್ತಾದದ್ದು ಮೂರನೆಯ ವರ್ಷದಲ್ಲಿ. ಕೆಲಸದ ನಡುವೆ ಯಂತ್ರ ಇದ್ದಕ್ಕಿದ್ದಂತೆ ಆಫ್ ಆಗತೊಡಗಿತು. ಒಮ್ಮೊಮ್ಮೆ ದಿನಕ್ಕೆ ಎರಡು ಸಲ, ಒಮ್ಮೊಮ್ಮೆ ನಾಲ್ಕು ದಿನ ಏನೂ ಇಲ್ಲ. ರಿಪೇರಿ ಮಾಡುವವರೊಬ್ಬರು ಮದರ್‌ಬೋರ್ಡ್ ಹೋಗಿದೆ ಎಂದರು. ನಾನು ಎರಡನೆಯ ಯಂತ್ರದ ಎಸ್‌ಎಂಪಿಎಸ್ಸನ್ನು ಮಾತ್ರ ಇದಕ್ಕೆ ಹಾಕಿ, ಬೇರೇನನ್ನೂ ಮುಟ್ಟದೆ ಎರಡು ವಾರ ಬಳಸಿದೆ. ಒಮ್ಮೆಯೂ ಆಫ್ ಆಗಲಿಲ್ಲ. ಆದರೂ ಅಷ್ಟಕ್ಕೇ ನಿಲ್ಲಿಸದೆ, ಅನುಮಾನದ ಎಸ್‌ಎಂಪಿಎಸ್ಸನ್ನು ಎರಡನೆಯ ಯಂತ್ರಕ್ಕೆ ಜೋಡಿಸಿ ಓಡಿಸಿದೆ; ಮೂರನೆಯ ದಿನ ಅದೂ ಹಾಗೆಯೇ ಆಫ್ ಆಯಿತು. ದೋಷವು ಭಾಗದ ಜೊತೆಗೇ ಹೋದದ್ದರಿಂದ ಮದರ್‌ಬೋರ್ಡ್ ಸರಿಯಿದೆಯೆಂಬುದು ಖಚಿತವಾಯಿತು. ಒಂದು ಬಾರಿಗೆ ಒಂದೇ ಭಾಗವನ್ನು ಬದಲಿಸುವುದು, ಅನುಮಾನವಿದ್ದ ಭಾಗವನ್ನು ಚೆನ್ನಾಗಿರುವ ಯಂತ್ರದಲ್ಲಿ ಮತ್ತೊಮ್ಮೆ ಪರೀಕ್ಷಿಸುವುದು, ಇವೆರಡೂ ಜೋಡಿ ಯಂತ್ರವಿಲ್ಲದೆ ಮನೆಯಲ್ಲಿ ಸಾಧ್ಯವೇ ಇರಲಿಲ್ಲ. ಬಿಡಿಯಾಗಿ ನಾಲ್ಕು ಭಾಗ ಕೊಂಡಿಡುವುದಕ್ಕಿಂತ ಓಡುವ ಸ್ಥಿತಿಯಲ್ಲಿರುವ ಇಡೀ ಯಂತ್ರವೇ ಮೇಲು ಎಂದು ನಾನು ಹೇಳುವುದು ಈ ಕಾರಣಕ್ಕೆ. ಎಸ್‌ಎಂಪಿಎಸ್‌ನ ಒಳಗೆ ಮಾತ್ರ ಕೈ ಹಾಕಬಾರದು. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದಿರಬಹುದು.

ಎರಡನೆಯ ಯಂತ್ರದ ಹಾರ್ಡ್ ಡಿಸ್ಕನ್ನು ನಾನು ನಂಬಲಿಲ್ಲ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ದಾಖಲಿಸುವ ಸ್ಮಾರ್ಟ್ ಮಾಹಿತಿಯಲ್ಲಿ, ಕೆಟ್ಟ ಜಾಗಗಳಿಗೆ ಬದಲಾಗಿ ಬಳಸಿದ ಸೆಕ್ಟರ್‌ಗಳ ಎಣಿಕೆ ಸೊನ್ನೆಗಿಂತ ಹೆಚ್ಚಿತ್ತು. ಹಿಂದಿನವರ ದತ್ತಾಂಶವನ್ನು ಪೂರ್ತಿ ಅಳಿಸಿ ಬದಿಗಿಟ್ಟೆ, ನನ್ನ ಕಡತಗಳಿಗೆ ಹಾರ್ಡ್ ಡಿಸ್ಕ್‌ನಂತೆಯೇ ಸಾಟಾ ಕೇಬಲ್‌ನಿಂದ ಜೋಡಿಸುವ ಹೊಸ ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ ಡಿಸ್ಕ್) ಕೊಂಡೆ. ಎನ್‌ವಿಎಂಇ ಎಂಬ ಇನ್ನೂ ವೇಗದ ಬಗೆಯ ಎಸ್‌ಎಸ್‌ಡಿಯಿಂದ ಯಂತ್ರವನ್ನು ಶುರುಮಾಡಲು ನನ್ನ ಬಯಾಸ್‌ಗೆ ಆಗದಿರುವುದರಿಂದ ಬೇರೆ ಆಯ್ಕೆಯೂ ಇರಲಿಲ್ಲ. ಡಿವಿಡಿ ಡ್ರೈವ್ ಒಮ್ಮೆಯೂ ಕೆಲಸಕ್ಕೆ ಬಂದಿಲ್ಲ. ಸಾಟಾ ಕೇಬಲ್‌ಗಳು ಮತ್ತು ಆ ಕಂಪನಿಯವರದೇ ಅಳತೆಯ ಸ್ಕ್ರೂಗಳು ಮಾತ್ರ ಎಣಿಕೆಗೂ ಮೀರಿ ನೆರವಾಗಿವೆ.

ಬಿಡಿಭಾಗಗಳಿಂದ ಪರಿಹಾರವಾಗದ ಒಂದು ಸಂಗತಿಯೂ ಇದೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಾದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನಿಂದ ಈಚಿನ ಪ್ರೊಸೆಸರ್ ಮತ್ತು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಎಲ್‌ಜಿಎ 1150 ಸಾಕೆಟ್‌ಗೆ ಅಂಥ ಪ್ರೊಸೆಸರ್ ಇಲ್ಲವೇ ಇಲ್ಲ. ನಾನು ಲಿನಕ್ಸ್‌ಗೆ ಬಂದಿದ್ದೇನೆ, ನನ್ನ ಕೆಲಸಕ್ಕೆ ಅದು ಸಾಕಾಗಿದೆ. ವಿಂಡೋಸ್‌ನಲ್ಲಷ್ಟೇ ಓಡುವ ತಂತ್ರಾಂಶವನ್ನು ನೆಚ್ಚಿಕೊಂಡವರು ಇಷ್ಟು ಹಳೆಯ ಯಂತ್ರಕ್ಕೆ ಜೋಡಿ ಹುಡುಕುವ ಬದಲು ಎಂಟನೇ ತಲೆಮಾರಿನ ಅಥವಾ ಅದರ ನಂತರದ ಎರಡು ಒಂದೇ ಬಗೆಯ ಯಂತ್ರಗಳನ್ನು ನೋಡುವುದು ಒಳ್ಳೆಯದು.

ಎರಡನೆಯ ಯಂತ್ರದಲ್ಲಿ ಈಗ ಉಳಿದಿರುವುದು ಮದರ್‌ಬೋರ್ಡ್, ನನ್ನ ಹಳೆಯ ಐ3 ಪ್ರೊಸೆಸರ್ ಮತ್ತು ಕ್ಯಾಬಿನೆಟ್. ಎಸ್‌ಎಂಪಿಎಸ್ ಇಲ್ಲದೆ ಅದನ್ನು ಓಡಿಸಿ ನೋಡಲಾಗುತ್ತಿಲ್ಲ. ಆದ್ದರಿಂದ ಎಸ್‌ಎಂಪಿಎಸ್‌ನ ಚೀಟಿಯ ಮೇಲಿರುವ ಪಾರ್ಟ್ ನಂಬರನ್ನು ಬರೆದಿಟ್ಟುಕೊಂಡು, ಅದೇ ನಂಬರ್ ಇರುವ ಮೂರನೆಯ ಯಂತ್ರವನ್ನು ಹುಡುಕುತ್ತಿದ್ದೇನೆ.