ಮಾದರಿಯ ಹೆಸರು ಒಂದೇ, ಪೆಟ್ಟಿಗೆಯೊಳಗಿನ ಲ್ಯಾಪ್‌ಟಾಪ್ ಬೇರೆ

ಐವತ್ತು ಅರವತ್ತು ಸಾವಿರ ರೂಪಾಯಿಯೊಳಗೆ, ಸಿನಿಮಾ ನೋಡುವುದಕ್ಕೂ ಮನೆಯ ಫೋಟೊ, ವಿಡಿಯೊಗಳನ್ನು ಜೋಡಿಸಿಡುವುದಕ್ಕೂ ಮಕ್ಕಳ ಪಾಠಕ್ಕೂ ಒದಗುವ ಒಂದು ಲ್ಯಾಪ್‌ಟಾಪ್ ಹುಡುಕುತ್ತಿರುವವರು ಹಣ ಕೊಡುವ ಮೊದಲು ಈ ಸಂಗತಿಯನ್ನು ತಿಳಿದಿರಬೇಕು. ಮಳಿಗೆಯ ಮೇಜಿನ ಮೇಲೆ ತೆರೆದಿಟ್ಟಿರುವ ಯಂತ್ರವೂ ಒಳಗಿನಿಂದ ತಂದುಕೊಡುವ ಮೊಹರು ಮಾಡಿದ ಪೆಟ್ಟಿಗೆಯಲ್ಲಿರುವ ಯಂತ್ರವೂ ಒಂದೇ ಹೆಸರಿನವಾಗಿದ್ದರೂ ಒಂದೇ ವಸ್ತುವಾಗಿರಬೇಕೆಂದಿಲ್ಲ. ಜಾಹೀರಾತಿನಲ್ಲಿ ಕಾಣುವ ಹೆಸರು ಒಂದು ಕುಟುಂಬದ ಹೆಸರು ಮಾತ್ರ. ಯಾವ ಪರದೆ, ಎಷ್ಟು ರ‍್ಯಾಮ್, ಟಿವಿಗೆ ಜೋಡಿಸುವ ಎಚ್‌ಡಿಎಂಐ ಕಿಂಡಿ ಯಾವ ದರ್ಜೆಯದು ಎಂಬುದನ್ನೆಲ್ಲ ನಿರ್ಧರಿಸುವುದು ಯಂತ್ರದ ತಳದಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುವ ಉತ್ಪನ್ನ ಸಂಖ್ಯೆ, ಅದರಲ್ಲೂ ಅದರ ಕೊನೆಯ ನಾಲ್ಕಾರು ಅಕ್ಷರಗಳು.

2023ರ ದಸರಾ ರಿಯಾಯಿತಿಯ ಸಮಯದಲ್ಲಿ ಮೈಸೂರಿನ ಒಂದು ಮಳಿಗೆಯಲ್ಲಿ ನಾವು ಕೊಂಡ ಲ್ಯಾಪ್‌ಟಾಪ್ ಇಂಟೆಲ್ ಕೋರ್ ಐ5-1235ಯು ಪ್ರೊಸೆಸರ್‌ನದು. ಆ ಮಾದರಿಯ ಬಗ್ಗೆ ಬಂದಿದ್ದ ವಿಮರ್ಶೆಗಳನ್ನು ಓದಿಕೊಂಡೇ ಹೋಗಿದ್ದೆವು, ಎಲ್ಲರೂ ಪರದೆಯನ್ನು ಹೊಗಳಿದ್ದರು. ಪ್ರದರ್ಶನಕ್ಕಿಟ್ಟ ಯಂತ್ರವನ್ನೂ ಸಾಕಷ್ಟು ಹೊತ್ತು ನೋಡಿದೆವು. ಅದರಲ್ಲಿ ಬಣ್ಣಬಣ್ಣದ ಗಿಳಿಗಳು ಹಾರುವ ವಿಡಿಯೊ ಓಡುತ್ತಿತ್ತು. (ಲ್ಯಾಪ್‌ಟಾಪ್ ಮಾರುವವರಿಗೆಲ್ಲ ಈ ಗಿಳಿಗಳನ್ನು ಸರಬರಾಜು ಮಾಡುವವರು ಯಾರೋ ಒಬ್ಬರೇ ಇರಬೇಕು.) ನಮ್ಮ ಕೈಗೆ ಬರುವುದು ಇದೇ ತಾನೇ ಎಂದು ಕೇಳಿದಾಗ ಮಾರಾಟದ ಹುಡುಗ, ‘ಸೇಮ್ ಮಾಡೆಲ್ ಸಾರ್’ ಎಂದ. ಅವನ ಮಾತು ಅಕ್ಷರಶಃ ಸುಳ್ಳಾಗಿರಲಿಲ್ಲ ಎಂಬುದೇ ಮುಂದೆ ನಮಗೆ ದೊಡ್ಡ ತೊಡಕಾಯಿತು.

ಮನೆಗೆ ತಂದು, ಮದುವೆಯ ಫೋಟೊಗಳನ್ನು ಅದರಲ್ಲಿ ತೆರೆದಾಗ ವ್ಯತ್ಯಾಸ ಕಂಡಿತು. ಫೋನಿನಲ್ಲಿ ಕಡುಗೆಂಪಾಗಿದ್ದ ಧಾರೆಸೀರೆ ಲ್ಯಾಪ್‌ಟಾಪಿನಲ್ಲಿ ಇಟ್ಟಿಗೆಯ ಬಣ್ಣಕ್ಕೆ ಇಳಿದಿತ್ತು, ಅರಿಶಿನ ಹಚ್ಚಿದ ಮುಖಗಳು ಬೂದು ಬೆರೆತಂತೆ ಕಾಣುತ್ತಿದ್ದವು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು, ಪ್ರಕಾಶವನ್ನು ಪೂರ್ತಿ ಏರಿಸಿ, ರಾತ್ರಿಯ ಬೆಳಕಿನ ಸೌಲಭ್ಯವನ್ನು ಆರಿಸಿ ನೋಡಿದರೂ ಸೀರೆ ಕೆಂಪಾಗಲಿಲ್ಲ. ಎಚ್‌ಡಬ್ಲ್ಯುಇನ್ಫೊ ಎಂಬ ಉಚಿತ ತಂತ್ರಾಂಶ ಪರದೆಯ ಫಲಕದ ಸಂಖ್ಯೆಯನ್ನು ತೋರಿಸುತ್ತದೆ. ಆ ಸಂಖ್ಯೆಯನ್ನು ಹಿಡಿದು ಹುಡುಕಿದಾಗ ನಮ್ಮದು 250 ನಿಟ್ಸ್ ಪ್ರಕಾಶದ, 45% ಎನ್‌ಟಿಎಸ್‌ಸಿ ಬಣ್ಣವ್ಯಾಪ್ತಿಯ ಫಲಕ ಎಂದು ಗೊತ್ತಾಯಿತು. ವಿಮರ್ಶಕರ ಕೈಗೆ ಹೋಗಿದ್ದು ಇದೇ ಮಾದರಿಯ ಮೇಲಿನ ಆವೃತ್ತಿ, ಪೂರ್ಣ ಎಸ್‌ಆರ್‌ಜಿಬಿ ವ್ಯಾಪ್ತಿಯದು.

ಈ ಅಂಕಿಗಳನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಕೊಳ್ಳುವವರನ್ನು ಹೆಚ್ಚು ದಾರಿ ತಪ್ಪಿಸುವುದು ಇವೇ. ಫೋಟೊ ಮತ್ತು ಅಂತರ್ಜಾಲದ ಚಿತ್ರಗಳು ಬಹುಪಾಲು ಎಸ್‌ಆರ್‌ಜಿಬಿ ಎಂಬ ಬಣ್ಣವ್ಯಾಪ್ತಿಯನ್ನು, ಅಂದರೆ ತೋರಿಸಬೇಕಾದ ಬಣ್ಣಗಳ ಒಂದು ನಿಗದಿತ ಹರವನ್ನು, ಆಧರಿಸಿರುತ್ತವೆ. ಎನ್‌ಟಿಎಸ್‌ಸಿ ಎಂಬುದು ಅದಕ್ಕಿಂತ ಹಳೆಯ, ದೊಡ್ಡ ಹರವಿನ ಇನ್ನೊಂದು ಅಳತೆಗೋಲು. 72% ಎನ್‌ಟಿಎಸ್‌ಸಿ ಎಂದು ಬರೆದಿದ್ದರೆ ಅದು ಹೆಚ್ಚುಕಡಿಮೆ ಪೂರ್ಣ ಎಸ್‌ಆರ್‌ಜಿಬಿಗೆ ಸಮ, 45% ಎಂದಿದ್ದರೆ ಎಸ್‌ಆರ್‌ಜಿಬಿಯ ಸುಮಾರು ಶೇ 62 ಭಾಗ ಮಾತ್ರ. ಅಂದರೆ ಎಸ್‌ಆರ್‌ಜಿಬಿಯ ಬಣ್ಣಗಳಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಆ ಪರದೆಯಲ್ಲಿ ಕಾಣುವುದೇ ಇಲ್ಲ. ಯಾವ ಸೆಟ್ಟಿಂಗ್ ಬದಲಿಸಿದರೂ ಇದು ಸರಿಹೋಗುವುದಿಲ್ಲ. ‘ಫುಲ್ ಎಚ್‌ಡಿ’, ‘ಐಪಿಎಸ್’, ‘ಆ್ಯಂಟಿ ಗ್ಲೇರ್’ ಎಂಬ ಮೂರು ಮಾತುಗಳೂ ಒಳ್ಳೆಯ ಫಲಕಕ್ಕೆ ಎಷ್ಟು ಸಲ್ಲುತ್ತವೆಯೋ ಈ ಫಲಕಕ್ಕೂ ಅಷ್ಟೇ ಸಲ್ಲುತ್ತವೆ, ಆದ್ದರಿಂದ ವಿವರಪಟ್ಟಿಯಲ್ಲಿ ಅವು ಮಾತ್ರ ಇದ್ದು ಬಣ್ಣವ್ಯಾಪ್ತಿಯ ಸಂಖ್ಯೆ ಇಲ್ಲದಿದ್ದರೆ ಅದನ್ನು ಬಿಟ್ಟಿರುವುದಕ್ಕೆ ಕಾರಣವಿದೆ ಎಂದು ಭಾವಿಸುವುದು ಒಳ್ಳೆಯದು. ಪತ್ರ ಬರೆಯುವುದಕ್ಕೆ, ಲೆಕ್ಕ ಇಡುವುದಕ್ಕೆ ಇಂಥ ಪರದೆ ಸಾಕು. ಆದರೆ ಅದನ್ನು ಮಲ್ಟಿಮೀಡಿಯಾ ಲ್ಯಾಪ್‌ಟಾಪ್ ಎಂದು ಕರೆದು ಮಾರುವುದನ್ನು ನಾನು ಒಪ್ಪಲಾರೆ.

ರ‍್ಯಾಮ್‌ನ ಕಥೆ ಇನ್ನೂ ವಿಚಿತ್ರವಾದದ್ದು. ಮಳಿಗೆಯ ವಿವರಚೀಟಿಯಲ್ಲಿ ‘ಐರಿಸ್ ಎಕ್ಸ್‌ಇ ಗ್ರಾಫಿಕ್ಸ್’ ಎಂದು ದಪ್ಪಕ್ಷರದಲ್ಲಿತ್ತು. ಪ್ರೊಸೆಸರ್‌ನೊಳಗೇ ಇರುವ, ಚಿತ್ರ ಮೂಡಿಸುವ ಭಾಗಕ್ಕೆ ಇಂಟೆಲ್ ಕೊಟ್ಟಿರುವ ಹೆಸರು ಅದು. ನಮ್ಮ ಯಂತ್ರದ ಭಾಗಗಳನ್ನು ಪಟ್ಟಿಮಾಡುವ ವಿಂಡೋಸ್‌ನ ಡಿವೈಸ್ ಮ್ಯಾನೇಜರ್ ತೆರೆದರೆ ‘ಇಂಟೆಲ್ ಯುಎಚ್‌ಡಿ ಗ್ರಾಫಿಕ್ಸ್’ ಎಂದಷ್ಟೇ ಇತ್ತು. ಚಿಪ್ ಅದೇ ಆಗಿದ್ದರೂ ಹೆಸರು ಬೇರೆ ಏಕೆ? ಈ ಪ್ರೊಸೆಸರ್‌ಗಳಿಗೆ ಪ್ರತ್ಯೇಕ ಗ್ರಾಫಿಕ್ಸ್ ಮೆಮೊರಿ ಇಲ್ಲ, ಅವು ಸಾಮಾನ್ಯ ರ‍್ಯಾಮನ್ನೇ ಹಂಚಿಕೊಳ್ಳುತ್ತವೆ. ರ‍್ಯಾಮ್ ಎರಡು ಚಾನೆಲ್‌ಗಳಲ್ಲಿ, ಅಂದರೆ ದತ್ತಾಂಶ ಹರಿಯುವ ಎರಡು ದಾರಿಗಳಲ್ಲಿ, ಇದ್ದಾಗ ಮಾತ್ರ ಐರಿಸ್ ಎಕ್ಸ್‌ಇ ಎಂಬ ಹೆಸರು ಸಲ್ಲುತ್ತದೆ ಎಂಬುದು ಇಂಟೆಲ್‌ನದೇ ನಿಯಮ. ನಮ್ಮದರಲ್ಲಿ ಬೋರ್ಡಿಗೆ ಬೆಸೆದ 8 ಜಿಬಿ ಒಂದೇ ಚಾನೆಲ್‌ನಲ್ಲಿತ್ತು, ಪಕ್ಕದ ಸ್ಲಾಟ್ ಖಾಲಿ. ಹಾಗಾಗಿ ಗ್ರಾಫಿಕ್ಸ್‌ಗೆ ದತ್ತಾಂಶ ಹರಿಯುವ ದಾರಿ ಅರ್ಧಕ್ಕೆ ಇಳಿದಿತ್ತು, ಇರುವ 8 ಜಿಬಿಯಲ್ಲೂ ಒಂದು ಪಾಲು ಅದಕ್ಕೇ ಹೋಗುತ್ತಿತ್ತು. ಫೋನಿನಲ್ಲಿ ತೆಗೆದ 4ಕೆ ವಿಡಿಯೊವನ್ನು ಕತ್ತರಿಸಿ ಜೋಡಿಸಲು ಹೋದರೆ ಚಿತ್ರ ನಿಂತು ನಿಂತು ಸಾಗುತ್ತಿತ್ತು, ಬ್ರೌಸರ್ ತೆರೆದಿದ್ದರಂತೂ ಕೇಳುವುದೇ ಬೇಡ.

ಖಾಲಿ ಸ್ಲಾಟಿಗೆ ಇನ್ನೊಂದು 8 ಜಿಬಿ ಡಿಡಿಆರ್4 ಹಾಕಿ ಯಂತ್ರವನ್ನು ಚಾಲೂ ಮಾಡಿದಾಗ, ಹೊಸ ಡ್ರೈವರ್ ಏನನ್ನೂ ಹಾಕದೆ, ಡಿವೈಸ್ ಮ್ಯಾನೇಜರ್‌ನಲ್ಲಿದ್ದ ಹೆಸರು ತಾನಾಗಿಯೇ ‘ಐರಿಸ್ ಎಕ್ಸ್‌ಇ’ ಎಂದು ಬದಲಾಯಿತು. ವಿಡಿಯೊ ಕೆಲಸವೂ ಸಲೀಸಾಯಿತು. ಚೀಟಿಯಲ್ಲಿ ಬರೆದಿದ್ದ ಗ್ರಾಫಿಕ್ಸ್‌ಗೆ ಹೀಗೆ ಎರಡನೆಯ ಬಾರಿ ಬೆಲೆ ತೆರಬೇಕಾಯಿತು.

ಉಳಿದ ಕೊರತೆಗಳನ್ನು ಚಿಕ್ಕದಾಗಿ ಹೇಳುತ್ತೇನೆ. ಡಾಲ್ಬಿ ಎಂಬ ಅಂಟುಚೀಟಿ ಸ್ಪೀಕರಿನ ಗುಣಕ್ಕೆ ಪ್ರಮಾಣಪತ್ರವಲ್ಲ, ಅದು ಮುಖ್ಯವಾಗಿ ಧ್ವನಿಯನ್ನು ತಿದ್ದುವ ತಂತ್ರಾಂಶದ ಗುರುತು. ಸ್ಪೀಕರುಗಳು ತಳದಲ್ಲಿರುವುದರಿಂದ ಹಾಸಿಗೆಯ ಮೇಲಿಟ್ಟರೆ ಸಂಭಾಷಣೆ ಹೂತುಹೋಗುತ್ತದೆ. ಎಚ್‌ಡಿಎಂಐ ಕಿಂಡಿ 1.4 ದರ್ಜೆಯದಾದ್ದರಿಂದ ಮನೆಯ 4ಕೆ ಟಿವಿಗೆ ಜೋಡಿಸಿದರೆ 4ಕೆ ಚಿತ್ರ ಸೆಕೆಂಡಿಗೆ 30 ಫ್ರೇಮಿಗಿಂತ ಮೇಲೆ ಹೋಗುವುದಿಲ್ಲ. 24 ಫ್ರೇಮಿನ ಸಿನಿಮಾಕ್ಕೆ ಅದು ಅಷ್ಟಾಗಿ ತೊಂದರೆ ಕೊಡದಿದ್ದರೂ ಕ್ರಿಕೆಟ್ಟಿನಲ್ಲಿ ಚೆಂಡು ನೆಗೆದು ನೆಗೆದು ಹೋಗುತ್ತದೆ. ಟಿವಿಯನ್ನು ಫುಲ್ ಎಚ್‌ಡಿಗೆ ಇಳಿಸಿ 60ಕ್ಕೆ ಇಟ್ಟುಕೊಳ್ಳುವುದೇ ಉಳಿದ ದಾರಿ. ಯುಎಸ್‌ಬಿ-ಸಿ ಕಿಂಡಿಯಿಂದಲಾದರೂ ಚಿತ್ರ ಕಳಿಸೋಣವೆಂದರೆ ಅದು ದತ್ತಾಂಶಕ್ಕೆ ಮಾತ್ರ.

ಮಳಿಗೆಗೆ ಹೋಗಿ ದೂರಿದಾಗ, ಮೊಹರು ಒಡೆದು ವಿಂಡೋಸ್ ಸಕ್ರಿಯಗೊಳಿಸಿದ ಮೇಲೆ ವಾಪಸು ಪಡೆಯುವ ಪದ್ಧತಿ ಇಲ್ಲ ಎಂಬ ಉತ್ತರ ಸಿಕ್ಕಿತು. ಮೊಹರು ಒಡೆಯದೆ ಪರದೆಯನ್ನು ನೋಡುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಬರಲಿಲ್ಲ. ತಯಾರಕರ ಸಹಾಯವಾಣಿಯವರು, ಯಂತ್ರದಲ್ಲಿ ದೋಷವೇನೂ ಇಲ್ಲ, ಆ ಉತ್ಪನ್ನ ಸಂಖ್ಯೆಗೆ ನಿಗದಿಯಾದ ಫಲಕವೇ ಇದೆ ಎಂದರು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಅಂದರೆ 1915ಕ್ಕೆ, ದೂರು ಕೊಟ್ಟೆವು. ಅವರು ದೂರನ್ನು ಮಾರಾಟಗಾರರ ಮುಂದಿಟ್ಟು ರಾಜಿಗೆ ಯತ್ನಿಸುತ್ತಾರೆಯೇ ಹೊರತು ಆದೇಶ ಹೊರಡಿಸುವ ಅಧಿಕಾರ ಅವರಿಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಮುಖ್ಯ ಮಾಹಿತಿಯನ್ನು ಉದ್ದೇಶಪೂರ್ವಕವಾಗಿ ಮರೆಮಾಚುವ ಜಾಹೀರಾತನ್ನೂ ದಾರಿ ತಪ್ಪಿಸುವ ಜಾಹೀರಾತೆಂದೇ ಎಣಿಸುತ್ತದೆ. ಕೊಂಡ ವಸ್ತುವಿಗೆ ತೆತ್ತ ಬೆಲೆ ಐದು ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಸಲ್ಲಿಸಲು ಶುಲ್ಕವಿಲ್ಲ, ಎರಡು ವರ್ಷದೊಳಗೆ ಸಲ್ಲಿಸಬೇಕು. ನಮ್ಮ ಪ್ರಕರಣ ಅಲ್ಲಿಯವರೆಗೂ ಹೋಗಲಿಲ್ಲ, ಏಕೆಂದರೆ ಬಿಲ್ಲಿನಲ್ಲಿ ಕುಟುಂಬದ ಹೆಸರು, ‘ಐ5, 8 ಜಿಬಿ, 512 ಜಿಬಿ’ ಎಂದಷ್ಟೇ ಇತ್ತು, ಪ್ರದರ್ಶನದ ಯಂತ್ರ ಯಾವ ಆವೃತ್ತಿಯದಾಗಿತ್ತು ಎಂಬುದಕ್ಕೆ ನಮ್ಮ ಬಳಿ ಪುರಾವೆಯಾಗಿ ಏನೂ ಇರಲಿಲ್ಲ. ಆ ಹೊತ್ತಿಗೆ ಮೇಜಿನ ಮೇಲಿನ ಯಂತ್ರವೂ ಬದಲಾಗಿತ್ತು.

ಆದ್ದರಿಂದ ಕೊಳ್ಳಲು ಹೋದಾಗ ಪ್ರದರ್ಶನದ ಯಂತ್ರವನ್ನು ತಿರುವಿ ಹಾಕಿ ತಳದ ಚೀಟಿಯ ಫೋಟೊ ತೆಗೆದುಕೊಳ್ಳಿ, ಮೇಜಿನ ವಿವರಚೀಟಿಯದ್ದೂ ಒಂದು ಇರಲಿ. ಪೆಟ್ಟಿಗೆ ಬಂದಾಗ ಅದರ ಮೇಲಿನ ಉತ್ಪನ್ನ ಸಂಖ್ಯೆಯನ್ನು ಕೊನೆಯ ಅಕ್ಷರದವರೆಗೂ ತಾಳೆ ನೋಡಿ, ಬೇರೆ ಇದ್ದರೆ ಆ ಸಂಖ್ಯೆಯನ್ನೇ ತಯಾರಕರ ತಾಣದಲ್ಲಿ ಹುಡುಕಿ ಬಣ್ಣವ್ಯಾಪ್ತಿಯನ್ನೂ ರ‍್ಯಾಮ್‌ನ ಜೋಡಣೆಯನ್ನೂ ಓದಿದ ಮೇಲೆಯೇ ಮೊಹರು ಒಡೆಯಲು ಹೇಳಿ. ಪೂರ್ತಿ ಸಂಖ್ಯೆಯನ್ನು ಜಿಎಸ್‌ಟಿ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಕಂಪ್ಯೂಟರ್ ಅದನ್ನು ತಾನಾಗಿ ಮುದ್ರಿಸುವುದಿಲ್ಲ ಎಂದರೆ ಕೈಯಲ್ಲಿ ಬರೆದು ಮುದ್ರೆ ಒತ್ತಿಕೊಡಲಿ. ಗಿಳಿಗಳ ವಿಡಿಯೊ ನಿಲ್ಲಿಸಿ, ಪೆನ್‌ಡ್ರೈವಿನಲ್ಲಿ ಒಯ್ದ ನಿಮ್ಮ ಮನೆಯ ನಾಲ್ಕು ಫೋಟೊಗಳನ್ನು, ಮನುಷ್ಯರ ಮುಖವೂ ಕೆಂಪು ಬಟ್ಟೆಯೂ ಇರುವಂಥವನ್ನು, ತೆರೆಸಿ ನೋಡಿ.

ಪ್ರೊಸೆಸರ್‌ನ ಹೆಸರಿನಲ್ಲೂ ಇಂಥದೇ ಮರೆ ಇದೆ. ಇಂಟೆಲ್‌ನ ಪ್ರತಿಸ್ಪರ್ಧಿ ಎಎಂಡಿಯ ರೈಜನ್ 5 7520ಯು ಮತ್ತು 7530ಯು ಅಕ್ಕಪಕ್ಕದವೆಂದು ತೋರುತ್ತವೆ, ಮಳಿಗೆಯವರೂ ಹಾಗೆಯೇ ಹೇಳುತ್ತಾರೆ. ಆ ಸಾಲಿನಲ್ಲಿ ಚಿಪ್‌ನ ಪೀಳಿಗೆಯನ್ನು ಹೇಳುವುದು ಮೂರನೆಯ ಅಂಕಿ. 7530ಯು ಜೆನ್ 3 ವಿನ್ಯಾಸದ ಆರು ಕೋರ್‌ಗಳದು, 7520ಯು 2019ರಲ್ಲಿ ಬಂದ ಜೆನ್ 2 ವಿನ್ಯಾಸದ ನಾಲ್ಕು ಕೋರ್‌ಗಳದು. ಈ 7520ಯು ಇರುವ ಯಂತ್ರದ ರ‍್ಯಾಮ್ ಬೋರ್ಡಿಗೆ ಬೆಸೆದೇ ಬರುತ್ತದೆ. ಅದನ್ನು 8 ಜಿಬಿಯಲ್ಲಿ ಕೊಂಡವರಿಗೆ ನಮಗಿದ್ದ ಖಾಲಿ ಸ್ಲಾಟಿನ ಅನುಕೂಲವೂ ಇರುವುದಿಲ್ಲ.