ಫುಟ್‌ಬಾಲ್ ಮ್ಯಾನೇಜರ್ 24: ಗ್ಯಾಲರಿಯಲ್ಲಿ ಕೂತು ಕೋಚ್ ಆಗುವವರಿಗೆ

ಬೆಂಗಳೂರು ಎಫ್‌ಸಿ ಸೋತ ರಾತ್ರಿ ಮೈಸೂರಿನ ಸರಸ್ವತಿಪುರಂನ ಯಾವ ಪಿಜಿಗೆ ಹೋದರೂ ಒಂದೇ ಮಾತು: 'ಆ ಹುಡುಗನ್ನ ಹತ್ತು ನಿಮಿಷ ಮೊದಲೇ ಇಳಿಸ್ಬೇಕಿತ್ತು ಕಣೋ!' ಫುಟ್‌ಬಾಲ್ ಮ್ಯಾನೇಜರ್ ಎಂಬ ಕಂಪ್ಯೂಟರ್ ಆಟ ನಿಂತಿರುವುದೇ ಈ ಮಾತಿನ ಮೇಲೆ. ಇಲ್ಲಿ ಗುಂಡಿ ಒತ್ತಿ ಗೋಲು ಹೊಡೆಯುವ ಹಾಗಿಲ್ಲ. ಹೊಡೆಯುವವನನ್ನು ಹುಡುಕಬೇಕು, ಸಂಬಳ ಮಾತಾಡಬೇಕು, ತರಬೇತಿ ಕೊಡಿಸಬೇಕು. ಆಮೇಲೆ ಗೆರೆಯಾಚೆ ಕೈಕಟ್ಟಿ ನಿಂತು ಹಲ್ಲು ಕಡಿಯಬೇಕು.

ಮೈಸೂರಿಗೆ ಈ ಚಟ ಹೊಸದಲ್ಲ. 2010ರ ಜನವರಿಯಲ್ಲಿ ಗಂಗೋತ್ರಿ ಗ್ಲೇಡ್ಸ್‌ನಲ್ಲಿ ನಡೆದ ರಣಜಿ ಫೈನಲ್ ನೆನಪಿಸಿಕೊಳ್ಳಿ. ಮುಂಬೈ ಕೊಟ್ಟ ಗುರಿ 338, ಮನೀಶ್ ಪಾಂಡೆ 144, ಕರ್ನಾಟಕ 331ಕ್ಕೆ ಆಲೌಟ್. ಆ 6 ರನ್ ಎಲ್ಲಿ ಸೋರಿತು ಅಂತ ಈಗಲೂ ಕಟ್ಟೆಯ ಮೇಲೆ ಕೂತು ಲೆಕ್ಕ ಹಾಕುವವರಿದ್ದಾರೆ. ಕ್ರಿಕೆಟ್ ಮ್ಯಾನೇಜ್‌ಮೆಂಟ್ ಆಟಗಳೂ ಇವೆ, ಆದರೆ ಹೀಗೆ ಲೆಕ್ಕ ಹಾಕುವವರ ಹಸಿವು ಹಿಂಗಿಸುವಷ್ಟು ಆಳ ಸದ್ಯಕ್ಕೆ ಕಾಣುವುದು ಫುಟ್‌ಬಾಲ್‌ನ ಈ ಆಟದಲ್ಲೇ.

ಆವೃತ್ತಿ 24ನ್ನೇ ಯಾಕೆ ಎತ್ತಿಕೊಂಡೆವು ಅಂದರೆ, 25 ಬರಲೇ ಇಲ್ಲ. 2025ರ ಫೆಬ್ರುವರಿಯಲ್ಲಿ ತಯಾರಕರು ಅದನ್ನು ರದ್ದು ಮಾಡಿದರು. ಅದೇ ನವೆಂಬರ್‌ನಲ್ಲಿ ಬಂದ 26 ಹೊಸ ಎಂಜಿನ್ನಿನದು, ಪರದೆಯ ವಿನ್ಯಾಸವೂ ಬೇರೆ. 24 ಹಾಗಲ್ಲ, ಹಳೇ ಲ್ಯಾಪ್‌ಟಾಪಿಗೂ ಒಗ್ಗುತ್ತದೆ: 4 ಜಿಬಿ ರ‍್ಯಾಮ್, 7 ಜಿಬಿ ಜಾಗ ಇದ್ದರೆ ಓಡುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಎಪಿಕ್ ಸ್ಟೋರ್ ಎಂಬ ಆನ್‌ಲೈನ್ ಆಟದಂಗಡಿ ಇದನ್ನು ಪುಕ್ಕಟೆ ಹಂಚಿದ್ದರಿಂದ ಎಷ್ಟೋ ಜನರ ಖಾತೆಯಲ್ಲಿ ತೆರೆಯದೆಯೇ ಬಿದ್ದಿದೆ. ಒಮ್ಮೆ ನೋಡಿಕೊಳ್ಳಿ.

ಓಡುತ್ತದೆ ಅಂದ ಮಾತ್ರಕ್ಕೆ ಎಲ್ಲವನ್ನೂ ಹೇರಬೇಡಿ. ಆಟ ಶುರುವಾಗುವಾಗ ಯಾವ ಯಾವ ದೇಶದ ಲೀಗ್ ಬೇಕು ಎಂದು ಕೇಳುತ್ತದೆ. ಆಸೆಗೆ ಇಂಗ್ಲೆಂಡ್, ಸ್ಪೇನ್, ಇಟಲಿ, ಬ್ರೆಜಿಲ್ ಎಲ್ಲಕ್ಕೂ ಟಿಕ್ ಹಾಕಿದರೆ ಒಂದು ದಿನ ಮುಂದೆ ಸರಿಯುವಷ್ಟರಲ್ಲಿ ಕಾಫಿ ಕುಡಿದು ಬರಬಹುದು. ಭಾರತ, ಜೊತೆಗೆ ಇನ್ನೊಂದೇ ದೇಶ, ಡೇಟಾಬೇಸ್ ಚಿಕ್ಕದು. ಆರಂಭಕ್ಕೆ ಇಷ್ಟು ಸಾಕು. ಲೀಗುಗಳನ್ನು ಆಮೇಲೂ ಸೇರಿಸಿಕೊಳ್ಳಬಹುದು. ಗ್ರಾಫಿಕ್ಸ್ ಕಾರ್ಡಿಗೆ ದುಡ್ಡು ಸುರಿಯುವ ಅಗತ್ಯವಿಲ್ಲ, ಇಲ್ಲಿ ದುಡಿಯುವುದು ಪ್ರೊಸೆಸರ್.

ಬೆಂಗಳೂರು ಎಫ್‌ಸಿಯನ್ನು ಕೈಗೆತ್ತಿಕೊಂಡವರು ಮೊದಲು ಎಡವುವುದು ವಿದೇಶಿ ಆಟಗಾರರ ವಿಷಯದಲ್ಲಿ. ತಂಡದಲ್ಲಿ ಆರು ಜನ ಇರಬಹುದು, ಮೈದಾನದಲ್ಲಿ ಒಮ್ಮೆಗೆ ನಾಲ್ಕೇ. ಹೊಸಬರು ಮೂವರು ಫಾರ್ವರ್ಡ್‌ಗಳನ್ನು ತಂದು, ಸೆಂಟರ್ ಬ್ಯಾಕ್ (ನಡು ರಕ್ಷಣೆ) ಜಾಗದಲ್ಲಿ ದಿಕ್ಕು ತೋಚದೆ ನಿಲ್ಲುತ್ತಾರೆ. ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಪಂದ್ಯ ಗಮನಿಸಿ ನೋಡಿ: ವಿದೇಶಿಯರು ಹೆಚ್ಚಾಗಿ ಬೆನ್ನೆಲುಬಿನ ಜಾಗದಲ್ಲೇ, ಅಂದರೆ ಸೆಂಟರ್ ಬ್ಯಾಕ್, ನಡುಮೈದಾನ, ಸ್ಟ್ರೈಕರ್. ಅಂಚುಗಳಲ್ಲಿ ನಮ್ಮ ಹುಡುಗರು. ಗೋಲಿಗೆ ಗುರುಪ್ರೀತ್ ಸಿಂಗ್ ಸಂಧು ಇರುವಾಗ ಆ ಜಾಗಕ್ಕೆ ವಿದೇಶಿ ಸ್ಥಾನ ಖರ್ಚು ಮಾಡುವುದು ದಡ್ಡತನ. ಸುನಿಲ್ ಛೆಟ್ರಿಗೆ ಆಟ ಶುರುವಾಗುವಾಗಲೇ 39 ವರ್ಷ ಹತ್ತಿರ. ಅಭಿಮಾನಕ್ಕೆ ಪ್ರತಿ ಪಂದ್ಯ 90 ನಿಮಿಷ ಆಡಿಸಿದರೆ ಗಾಯದ ಪಟ್ಟಿಯಲ್ಲಿ ಹುಡುಕಬೇಕಾದೀತು. 60ನೇ ನಿಮಿಷದ ಮೇಲೆ ಮೈದಾನಕ್ಕೆ ಇಳಿಸಿ.

2023ರ ಮಾರ್ಚ್ 3ರಂದು ಕಂಠೀರವದಲ್ಲಿ ಎದುರಾಳಿಗಳು ಗೋಡೆ ಕಟ್ಟುವ ಮುಂಚೆಯೇ ಛೆಟ್ರಿ ಫ್ರೀಕಿಕ್ ಹೊಡೆದದ್ದು, ಕೇರಳ ಬ್ಲಾಸ್ಟರ್ಸ್ ಮೈದಾನ ಬಿಟ್ಟು ನಡೆದದ್ದು ಯಾರಿಗೆ ನೆನಪಿಲ್ಲ? ಅಂಥ ನಾಟಕ ಆಟದೊಳಗೆ ನಡೆಯುವುದಿಲ್ಲ. ಆದರೆ ನಿಂತ ಚೆಂಡಿನ ಬೆಲೆ ಮಾತ್ರ 24ಕ್ಕೆ ಚೆನ್ನಾಗಿ ಗೊತ್ತು. ಈ ಆವೃತ್ತಿಯ ಅತಿ ಗಟ್ಟಿ ಭಾಗ ಸೆಟ್‌ಪೀಸ್ (ಕಾರ್ನರ್, ಫ್ರೀಕಿಕ್) ಪರದೆಯೇ.

ಕಾರ್ನರ್ ಒಂದನ್ನೇ ನೋಡೋಣ. ಚೆಂಡು ಗೋಲಿನ ಕಡೆಗೇ ತಿರುಗಿ ಬರಬೇಕಾದರೆ ಬಲಬದಿಯ ಕಾರ್ನರನ್ನು ಎಡಗಾಲಿನವನು, ಎಡಬದಿಯದನ್ನು ಬಲಗಾಲಿನವನು ತೆಗೆಯಬೇಕು. ಹತ್ತಿರದ ಕಂಬಕ್ಕೆ ನುಗ್ಗುವವನ ಎತ್ತರ ಒಂದನ್ನೇ ನೋಡಬೇಡಿ. 1ರಿಂದ 20ರವರೆಗಿನ ಅಂಕಗಳಲ್ಲಿ ಹೆಡಿಂಗ್, ಜಂಪಿಂಗ್ ರೀಚ್ (ಹಾರಿ ಎಟುಕುವ ಎತ್ತರ), ಬ್ರೇವರಿ (ಧೈರ್ಯ) ಮೂರನ್ನೂ ಕೂಡಿಸಿ ತೂಗಿ. ಒಬ್ಬ ಕೀಪರನಿಗೆ ಅಡ್ಡ, ಒಬ್ಬ ಬಾಕ್ಸಿನ ಅಂಚಿನಲ್ಲಿ. ಹಿಂದೆ ಕನಿಷ್ಠ ಇಬ್ಬರು ವೇಗದವರು ಇರಲೇಬೇಕು. ಇವರನ್ನು ಮರೆತರೆ ನಿಮ್ಮ ಕಾರ್ನರ್ ಹದಿನೈದು ಸೆಕೆಂಡಿನಲ್ಲಿ ಎದುರಾಳಿಯ ಗೋಲಾಗುತ್ತದೆ. ಕಾರ್ನರ್ ತೆಗೆಯುವವರ ಪಟ್ಟಿಯಲ್ಲಿ ಮೂರು ಹೆಸರಿರಲಿ. ಮೊದಲನೆಯವನನ್ನು ಹೊರಗೆ ಕರೆದ ಮೇಲೆ ಯಾರೋ ಡಿಫೆಂಡರ್ ಹೋಗಿ ಗ್ಯಾಲರಿಗೆ ಒದೆಯುವುದು ತಪ್ಪುತ್ತದೆ.

ತಂತ್ರದ ಪರದೆ ಮನೆ ಹಾಳುಮಾಡುವ ಜಾಗ. ಟಿವಿಯಲ್ಲಿ ಲಿವರ್‌ಪೂಲ್ ಒತ್ತಡದ ಆಟ ನೋಡಿ ಬಂದವರು ಇಲ್ಲೂ ಪ್ರೆಸ್ಸಿಂಗನ್ನು ತುದಿಗೆ ತಿರುಗಿಸುತ್ತಾರೆ. ಓಡುವ ಶಕ್ತಿಯಿಲ್ಲದ ತಂಡ 65ನೇ ನಿಮಿಷಕ್ಕೆ ಏದುಸಿರು ಬಿಟ್ಟು, ಕೊನೆಗೆ ಎರಡು ಗೋಲು ತಿನ್ನುತ್ತದೆ. ಸ್ಟ್ಯಾಮಿನಾ, ವರ್ಕ್ ರೇಟ್ ಅಂಕ ನೋಡಿಕೊಂಡು ಆಮೇಲೆ ಒತ್ತಡ ಏರಿಸಿ. ತಂಡಕ್ಕೆ ಕೊಡುವ ಸೂಚನೆ ಐದಾರು ಮೀರದಿರಲಿ. ಸೋತಾಗಲೆಲ್ಲ ವ್ಯೂಹ ಬದಲಿಸುವ ಚಾಳಿ ಇದ್ದರಂತೂ ಹುಡುಗರಿಗೆ ಯಾವುದೂ ಮೈಗೂಡದು. ಟ್ಯಾಕ್ಟಿಕಲ್ ಫೆಮಿಲಿಯಾರಿಟಿ, ಅಂದರೆ ತಂತ್ರ ಎಷ್ಟು ಮೈಗೂಡಿದೆ ಎಂದು ತೋರಿಸುವ ಪಟ್ಟಿ, ತುಂಬುವುದು ಸೀಸನ್ ಮುಂಚಿನ ವಾರಗಳಲ್ಲಿ. ಆಗ ನಾಲ್ಕೈದು ಸ್ನೇಹ ಪಂದ್ಯ ಇಟ್ಟುಕೊಂಡು, ಮೊದಲ ಎರಡನ್ನು ಕೈಲಾಗದ ತಂಡಗಳ ಮೇಲೆ ಆಡಿ.

ಸತತ ಆರೇಳು ಪಂದ್ಯ ಗೆದ್ದ ಮೇಲೆ ಏಕಾಏಕಿ ಸೊನ್ನೆ-ಸೊನ್ನೆ ಡ್ರಾಗಳು ಶುರುವಾಗುತ್ತವೆ. 'ಆಟ ಮೋಸ ಮಾಡ್ತಿದೆ' ಎಂಬ ದೂರು ಬರುವುದು ಇಲ್ಲೇ. ಮೋಸ ಏನಿಲ್ಲ. ನಿಮ್ಮ ಹೆಸರು ಏರಿದೆ, ಎದುರಾಳಿಗಳು ಹತ್ತು ಜನರನ್ನು ಹಿಂದಿಟ್ಟು ಆಡುತ್ತಿದ್ದಾರೆ. ವೇಗ ಒಂದು ಹಂತ ಇಳಿಸಿ, ಅಗಲ ಹೆಚ್ಚಿಸಿ, ಒಬ್ಬ ಫುಲ್‌ಬ್ಯಾಕನ್ನು (ಅಂಚಿನ ಡಿಫೆಂಡರನ್ನು) ಮುಂದೆ ನುಗ್ಗಿಸಿ. ಇದನ್ನು ಕಣ್ಣಾರೆ ಕಾಣಬೇಕಾದರೆ ಮೊದಲ ಹತ್ತು ಪಂದ್ಯವನ್ನಾದರೂ 'ಎಕ್ಸ್‌ಟೆಂಡೆಡ್' ಹೈಲೈಟ್ಸ್‌ನಲ್ಲಿ ನೋಡಿ. 'ಕೀ' ಹಾಕಿಕೊಂಡರೆ ಗೋಲು ಕಾಣುತ್ತದೆ, ಗೋಲಿನ ಕಾರಣ ಕಾಣುವುದಿಲ್ಲ.

ಬೇಸರ ತರಿಸುವುದೂ ಇದೆ. ಪತ್ರಿಕಾಗೋಷ್ಠಿಯಲ್ಲಿ ಅದೇ ಪ್ರಶ್ನೆ, ಅದೇ ಉತ್ತರ; ಎರಡನೇ ವಾರಕ್ಕೇ ಸಹಾಯಕನ ತಲೆಗೆ ಕಟ್ಟಿಬಿಡಿ. ಕನ್ನಡವಿಲ್ಲ, ಹಿಂದಿಯೂ ಇಲ್ಲ. ಮೈಸೂರು ಹೆಸರಿನ ತಂಡವೇ ಬೇಕು ಅನ್ನುವವರಿಗೆ 'ಕ್ರಿಯೇಟ್-ಎ-ಕ್ಲಬ್' ಉಂಟು. ಐ-ಲೀಗ್‌ನ ಒಂದು ತಂಡದ ಜಾಗದಲ್ಲಿ ನಿಮ್ಮದನ್ನು ಕೂರಿಸಿ, ಗಂಡಭೇರುಂಡವನ್ನೇ ಲಾಂಛನ ಮಾಡಿಕೊಳ್ಳಬಹುದು.

ಇದರಿಂದ ಯಾರಾದರೂ ನಿಜವಾದ ಕೋಚ್ ಆಗುತ್ತಾರಾ ಎಂದು ಮನೆಯವರು ಕೇಳಿದರೆ ವಿಲ್ ಸ್ಟಿಲ್ ಹೆಸರು ಹೇಳಿ ನೋಡಿ. ಈ ಆಟ ಆಡಿಕೊಂಡೇ ಬೆಳೆದ ಆತ 30ರ ಹರೆಯದಲ್ಲೇ ಫ್ರಾನ್ಸ್‌ನ ರೀಮ್ಸ್ ತಂಡದ ಕೋಚ್ ಆದರು. ಅವರ ಬಳಿ ಬೇಕಾದ ಲೈಸೆನ್ಸ್ ಇರಲಿಲ್ಲವೆಂದು ಕ್ಲಬ್ ಪಂದ್ಯಕ್ಕೆ 25,000 ಯೂರೊ ದಂಡ ಕಟ್ಟಿತ್ತು ಅನ್ನುವುದನ್ನೂ ಹೇಳಬೇಕೋ ಬೇಡವೋ ನಿಮಗೆ ಬಿಟ್ಟದ್ದು.

ಸೇವ್ ಮಾಡುವಾಗ 'ರೋಲಿಂಗ್' ಆರಿಸಿ, ವಾರಕ್ಕೊಮ್ಮೆ ತಾನಾಗಿಯೇ ಉಳಿಸುವಂತೆ ಇಡಿ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನಲ್ಲಿ ಮಳೆಗಾಲದ ಸಂಜೆ ಕರೆಂಟ್ ಹೋದರೆ ಫೈಲ್ ಕೆಡಬಹುದು, ಆಗ ಹಿಂದಿನದು ಕೈಹಿಡಿಯುತ್ತದೆ. ಪರೀಕ್ಷೆ ಬಂದರೆ 'ಹಾಲಿಡೇ' ಗುಂಡಿ ಒತ್ತಿ ತಂಡವನ್ನು ಸಹಾಯಕನಿಗೆ ಒಪ್ಪಿಸಬಹುದು. ಒತ್ತುವ ಮೊದಲು, ನಿಮ್ಮ ಆಟಗಾರರನ್ನು ಕೊಳ್ಳಲು ಬರುವ ಬೇಡಿಕೆಗಳನ್ನೆಲ್ಲ ತಿರಸ್ಕರಿಸು ಎಂಬ ಚೌಕಕ್ಕೆ ಟಿಕ್ ಹಾಕಿರಿ. ಇಲ್ಲದಿದ್ದರೆ ನೀವು ಸಾಕಿ ಬೆಳೆಸಿದ ಹುಡುಗ ನೀವು ವಾಪಸ್ ಬರುವಷ್ಟರಲ್ಲಿ ಬೇರೆ ತಂಡದ ಜರ್ಸಿಯಲ್ಲಿರುತ್ತಾನೆ.