ಹರಳೆಣ್ಣೆಯೋ, ಎಪಾಕ್ಸಿ ಸೋಯಾ ಎಣ್ಣೆಯೋ: ಬಾಳೆ ನಾರಿನ ಸಸಿ ಕುಂಡಗಳಲ್ಲಿ ಕಂಡದ್ದು

ನಮ್ಮ ಕಾಫಿ ನರ್ಸರಿಯ ಪಾಲಿಥಿನ್ ಚೀಲಗಳ ಬದಲು, ತೋಟದ ಬಾಳೆ ನಾರನ್ನು ಬೆರೆಸಿದ ಪಾಲಿಲ್ಯಾಕ್ಟಿಕ್ ಆಮ್ಲದ, ಅಂದರೆ ಸಸ್ಯಮೂಲದ ಪ್ಲಾಸ್ಟಿಕ್ ಆದ ಪಿಎಲ್‌ಎಯ ಕುಂಡಗಳನ್ನು ಮಾಡಹೊರಟಾಗ ಮೊದಲು ಎದುರಾದ ತೊಡಕು ಅವುಗಳ ಬಿರುಸುತನ. ಪಿಎಲ್‌ಎ ಸುಮಾರು 55ರಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗೆ ಗಾಜಿನಂತೆ ಗಡುಸಾಗಿಯೇ ಇರುವ ವಸ್ತು. ನಾರು ಸೇರಿದ ಮೇಲಂತೂ ಮಣ್ಣು ತುಂಬಿದ ಕುಂಡವನ್ನು ಹಿಡಿದೆತ್ತಿದರೆ ಅಂಚೇ ಮುರಿದು ಕೈಗೆ ಬರುತ್ತಿತ್ತು. ಅದನ್ನು ಮೆತುವಾಗಿಸಲು ತೆಂಗಿನೆಣ್ಣೆ, ಹರಳೆಣ್ಣೆ, ಎಪಾಕ್ಸಿ ಸೋಯಾ ಎಣ್ಣೆ ಎಂಬ ಮೂರು ಸಸ್ಯಜನ್ಯ ಎಣ್ಣೆಗಳನ್ನು ಪ್ಲಾಸ್ಟಿಸೈಸರ್ ಆಗಿ ಬೆರೆಸಿ ನೋಡಿದೆ.

ಕುಶಾಲನಗರದ ಪರಿಚಯದವರೊಬ್ಬರ ಘಟಕದಲ್ಲಿ, 100 ಗ್ರಾಂ ಪಿಎಲ್‌ಎಗೆ 20 ಗ್ರಾಂ ನಾರಿನಂತೆ ಹಾಕಿ, ಪ್ರತಿ ಎಣ್ಣೆಯನ್ನೂ ಒಮ್ಮೆ 5 ಗ್ರಾಂ, ಒಮ್ಮೆ 10 ಗ್ರಾಂ ಸೇರಿಸಿ, 175 ಡಿಗ್ರಿಯಲ್ಲಿ ರೋಲರ್‌ಗಳ ನಡುವೆ ಅರೆದು ಹಾಳೆ ಮಾಡಿ ಅಚ್ಚಿಗೆ ಒತ್ತಿದೆವು. ಶಾಖ 200 ಡಿಗ್ರಿ ದಾಟಿದರೆ ನಾರು ಕಂದಿ ಸುಟ್ಟ ವಾಸನೆ ಬರುತ್ತದೆ. ಕರಗಿದ ಪಿಎಲ್‌ಎಯ ಸರಪಳಿಗಳನ್ನು ತೇವಾಂಶವು ಕತ್ತರಿಸುವುದರಿಂದ ನಾರನ್ನೂ ಪಿಎಲ್‌ಎಯ ಪ್ಲಾಸ್ಟಿಕ್ ಕಾಳನ್ನೂ ಮೊದಲೇ ಒಣಗಿಸಬೇಕು. ಜೂನ್ ತಿಂಗಳ ಒಂದು ದಿನ, ಒಣಗಿಸಿದ ನಾರಿನ ಡಬ್ಬಿಯನ್ನು ಮುಚ್ಚದೆ ಊಟಕ್ಕೆ ಹೋಗಿ ಬಂದದ್ದರ ಫಲವಾಗಿ ಅಂದಿನ ಹಾಳೆಗಳ ತುಂಬ ಗುಳ್ಳೆಗಳೆದ್ದು, ಎಲ್ಲವನ್ನೂ ಎಸೆಯಬೇಕಾಯಿತು. ಕೊಡಗಿನ ಮಳೆಗಾಲದ ಗಾಳಿಗೆ ಅಷ್ಟು ಹೊತ್ತು ಸಾಕು.

ತೆಂಗಿನೆಣ್ಣೆಯ ವಿಷಯವನ್ನು ಬೇಗ ಮುಗಿಸಬಹುದು. ಅದು ಪಿಎಲ್‌ಎಯೊಳಗೆ ಬೆರೆಯಲೇ ಇಲ್ಲ, ರೋಲರ್ ಮೇಲೆ ಜಾರಿತು ಅಷ್ಟೆ. ಬೆರೆತಿದ್ದರೂ, ಸುಮಾರು 24 ಡಿಗ್ರಿಗೆ ಗಟ್ಟಿಯಾಗುವ ಎಣ್ಣೆಯಿಂದ ಮಡಿಕೇರಿಯ ಚಳಿಯಲ್ಲಿ ಮೆತುತನವನ್ನು ನಿರೀಕ್ಷಿಸುವಂತಿರಲಿಲ್ಲ.

ನಿಜವಾದ ಪೈಪೋಟಿ ಉಳಿದೆರಡರ ನಡುವೆ. ಹರಳೆಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಬಹುಪಾಲು ರಿಸಿನೋಲಿಕ್ ಆಮ್ಲ; ಅದರಲ್ಲಿರುವ ಹೈಡ್ರಾಕ್ಸಿಲ್ ಗುಂಪಿನಿಂದಾಗಿ (ಆಮ್ಲಜನಕ, ಜಲಜನಕಗಳ ಜೋಡಿ) ಈ ಎಣ್ಣೆ ಅಡುಗೆ ಎಣ್ಣೆಗಳಿಗಿಂತ ಚೆನ್ನಾಗಿ ಪಿಎಲ್‌ಎಯೊಂದಿಗೆ ಹೊಂದಿಕೊಳ್ಳುತ್ತದೆ. 5 ಗ್ರಾಂ ಹಾಕಿದ ಕುಂಡವನ್ನು ಅಚ್ಚಿನಿಂದ ತೆಗೆದ ದಿನ ಬೆರಳಿನಿಂದ ಒತ್ತಿದಾಗ ನನಗೆ ಬಹಳ ಖುಷಿಯಾಗಿತ್ತು. ಆದರೆ ಹೈಡ್ರಾಕ್ಸಿಲ್ ಗುಂಪುಗಳು ಬಾಳೆ ನಾರಿನ ಮೈಮೇಲೂ ದಂಡಿಯಾಗಿರುವುದರಿಂದ ನಾರೇ ಎಣ್ಣೆಯ ಒಂದು ಪಾಲನ್ನು ಹೀರಿಕೊಳ್ಳುತ್ತದೆ. ನಾರನ್ನು ಮೊದಲು ಎಣ್ಣೆಗೆ ಕಲಸಿ ಆಮೇಲೆ ಪಿಎಲ್‌ಎಗೆ ಸುರಿದ ಕುಂಡಗಳು ಎಣ್ಣೆಯನ್ನೇ ಹಾಕದವುಗಳಷ್ಟು ಬಿರುಸಾಗಿದ್ದವು. 10 ಗ್ರಾಂ ಹಾಕಿದವಂತೂ ಎರಡು ವಾರ ಕಳೆಯುವುದರೊಳಗೆ ಬೆವರತೊಡಗಿ, ಮುಟ್ಟಿದ ಕೈಗೆ ಜಿಡ್ಡು ಹತ್ತಿ, ಹೊರಮೈಗೆ ಧೂಳು ಮೆತ್ತಿಕೊಂಡಿತು.

ಎಪಾಕ್ಸಿ ಸೋಯಾ ಎಣ್ಣೆ, ಸೋಯಾ ಎಣ್ಣೆಯಲ್ಲಿನ ಇಂಗಾಲದ ಜೋಡಿಬಂಧಗಳನ್ನು ಪೆರಾಕ್ಸೈಡ್‌ನ ನೆರವಿನಿಂದ ಎಪಾಕ್ಸಿ ಉಂಗುರಗಳಾಗಿ (ಎರಡು ಇಂಗಾಲ, ಒಂದು ಆಮ್ಲಜನಕ ಸೇರಿದ ಪುಟ್ಟ ಬಳೆಗಳಾಗಿ) ಮಾರ್ಪಡಿಸಿ ಪಡೆದದ್ದು. ಪಿವಿಸಿ ಉದ್ಯಮಕ್ಕೆ ಇದು ಹಳೆಯ ಪರಿಚಯ. ಈ ಉಂಗುರಗಳು ಪಿಎಲ್‌ಎ ಸರಪಳಿಯ ತುದಿಯ ಆಮ್ಲ ಗುಂಪುಗಳೊಂದಿಗೆ ಸ್ವಲ್ಪಮಟ್ಟಿಗಾದರೂ ಬೆಸೆದುಕೊಳ್ಳಬಲ್ಲವು ಎಂಬುದೇ ಹರಳೆಣ್ಣೆಗಿಲ್ಲದ ಅನುಕೂಲ. ಮೊದಲ ದಿನ ಇದರ ಕುಂಡ ಹರಳೆಣ್ಣೆಯದಕ್ಕಿಂತ ತುಸು ಗಡುಸಾಗಿಯೇ ಇತ್ತು, ನಾನು ಅದನ್ನು ಎರಡನೆಯ ಸ್ಥಾನಕ್ಕೆ ತಳ್ಳಿಯೂ ಬಿಟ್ಟಿದ್ದೆ. ಮಳೆಗಾಲವಿಡೀ ಸೂರಿನ ಹೊರಗಿಟ್ಟು ಸೆಪ್ಟೆಂಬರ್‌ನಲ್ಲಿ ಎತ್ತಿ ನೋಡಿದಾಗ ಲೆಕ್ಕ ತಿರುಗಿಬಿದ್ದಿತ್ತು: ಹರಳೆಣ್ಣೆಯ ಕುಂಡಗಳ ಅಂಚು ಮತ್ತೆ ಬಿರುಸಾಗಿ ಸೀಳಿತ್ತು, ಎಪಾಕ್ಸಿ ಸೋಯಾ ಎಣ್ಣೆಯನ್ನು 5 ಗ್ರಾಂ ಹಾಕಿದ ಕುಂಡಗಳು ಮಣ್ಣಿನ ಸಮೇತ ಎತ್ತಿದರೂ ಬಾಗಿ ತಡೆದುಕೊಂಡವು. ಇದರಲ್ಲೂ 10 ಗ್ರಾಂ ಹೆಚ್ಚೇ, ಕುಂಡ ಸೊಟ್ಟಗಾಯಿತು. ಹರಳೆಣ್ಣೆ ಪಟ್ಟಣದ ಅಂಗಡಿಯಲ್ಲೇ ಸಿಗುತ್ತದೆ, ಇದನ್ನು ಹೊರಗಿನಿಂದ ತರಿಸಬೇಕು ಎಂಬುದೊಂದೇ ನನಗಿರುವ ಬೇಸರ.

ಪಿಎಲ್‌ಎ ಕಾಳು ಮಾರಿದವರು ಕುಂಡ ಮೂರೇ ತಿಂಗಳಲ್ಲಿ ಮಣ್ಣಾಗುವುದೆಂದಿದ್ದರು. ಪಿಎಲ್‌ಎ ಚೆನ್ನಾಗಿ ಕೊಳೆಯಲು 58 ಡಿಗ್ರಿಯ ಆಸುಪಾಸಿನ ಕಾಂಪೋಸ್ಟ್ ಬಿಸಿ ಬೇಕು; ಕಾಫಿ ತೋಟದ ನೆರಳಿನ ಮಣ್ಣು ಆ ಮಟ್ಟಕ್ಕೆ ಬಿಸಿಯೇರುವುದೇ ಇಲ್ಲ, ಎಣ್ಣೆ ಯಾವುದಾದರೂ ಇದು ಬದಲಾಗುವುದಿಲ್ಲ. ಹಾಗಾಗಿ ಸಸಿ ನೆಡುವಾಗ ಕುಂಡವನ್ನು ಕತ್ತಿಯಿಂದ ಸೀಳಿ ತೆಗೆದು, ಚೂರುಗಳನ್ನು ಒಂದು ಚೀಲದಲ್ಲಿ ಬೇರೆಯಾಗಿ ಕೂಡಿಡುತ್ತಿದ್ದೇನೆ.